ಗಂಡ ಗೋಕರ್ಣದಲ್ಲಿ, ಹೆಂಡತಿ ಕಾರವಾರದಲ್ಲಿ

ಕಾರವಾರ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಒಬ್ಬಳೇ ನಿಂತಿದ್ದೆ. ಎರಡೂ ಕೈ ತುಂಬ ಹಸಿರು ಬಳೆ, ಕೊರಳಲ್ಲಿ ಅರಿಶಿನ ಇನ್ನೂ ಮಾಸದ ತಾಳಿ ದಾರ, ಅಂಗಾಲಿನವರೆಗೂ ಮೆಹಂದಿ. ಪಕ್ಕದಲ್ಲಿ ಎರಡು ದೊಡ್ಡ ಸೂಟ್‌ಕೇಸ್. ನೋಡಿದವರಿಗೆ ಯಾರಿಗಾದರೂ ಗೊತ್ತಾಗುತ್ತೆ, ಹೊಸ ಮದುಮಗಳು ಹನಿಮೂನಿಗೆ ಬಂದಿದ್ದಾಳೆ ಅಂತ. ಗಂಡ ಮಾತ್ರ ಇರಲಿಲ್ಲ.

ಆಗಲೇ ಅಮ್ಮನ ಫೋನು.

"ತಲುಪಿದ್ರಾ? ಅಳಿಯಂದ್ರಿಗೆ ಕೊಡು, ಒಂದು ಮಾತಾಡ್ತೀನಿ."

"ಸ್ನಾನಕ್ಕೆ ಹೋಗಿದಾರಮ್ಮ" ಅಂದೆ.

ಅಳಿಯಂದಿರು ಆ ಹೊತ್ತಿಗೆ ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ, ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ, ಏಳಡಿ ಉದ್ದದ ಪಿವಿಸಿ ಪೈಪ್ ಹಿಡ್ಕೊಂಡು ನಿಂತಿದ್ದರು.

ಇದು 2023ರ ಜೂನ್ 7ರ ಬೆಳಗಿನ ಮಾತು. ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ನಾನು ಹಿರಿಯೂರಿನವಳು, ಇವರು ಮಂಡ್ಯ ಕಡೆಯವರು. ಮದುವೆ ಆಗಿದ್ದು ಮೇ ಕೊನೆಯ ವಾರ. ಬೀಗರೂಟ, ಸತ್ಯನಾರಾಯಣ ಪೂಜೆ, ಅವರ ಮನೆ ಊಟ, ಇವರ ಮನೆ ಊಟ ಅಂತ ಹತ್ತು ದಿನ ಹೋಗಿಬಿಟ್ಟಿತು. ಜೂನ್ 19ಕ್ಕೆ ಆಷಾಢ ಶುರು. ಆಷಾಢ ಬಂದ್ರೆ ನನ್ನನ್ನು ತವರಿಗೆ ಕಳಿಸ್ತಾರೆ, ಅಷ್ಟರೊಳಗೆ ಎಲ್ಲಾದರೂ ಹೋಗಿ ಬಂದರೆ ಉಂಟು. ಇವರ ಆಫೀಸಿನಲ್ಲಿ ಹತ್ತು ದಿನ ರಜೆ ಅಂದಿದ್ದವರು ಕೊನೆಗೆ ಐದು ದಿನ ಕೊಟ್ಟರು. ಅಂಡಮಾನ್ ಅಂತ ಕನಸು ಕಂಡಿದ್ದು ಗೋಕರ್ಣಕ್ಕೆ ಬಂದು ನಿಂತಿತು. ನನಗೇನೂ ಬೇಜಾರಿರಲಿಲ್ಲ, ನಾನು ಅದುವರೆಗೆ ಸಮುದ್ರ ನೋಡಿದ್ದು ಒಂದೇ ಸಲ, ಅದೂ ಹೈಸ್ಕೂಲ್ ಟೂರಿನಲ್ಲಿ, ಮುರುಡೇಶ್ವರದಲ್ಲಿ, ಮೇಷ್ಟ್ರು ಸೀಟಿ ಊದ್ತಾ ನಿಂತಿದ್ದರು.

ಇವರಿಗೆ ಒಂದೇ ಆಸೆ. ಮೀನು ಹಿಡಿಯೋದು. ಚಿಕ್ಕಂದಿನಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಎರೆಹುಳ ಚುಚ್ಚಿ ಜಿಲೇಬಿ ಮೀನು ಹಿಡೀತಾ ಇದ್ದರಂತೆ. ಆ ಕತೆ ನಿಶ್ಚಿತಾರ್ಥದಿಂದ ಮದುವೆವರೆಗೆ ಫೋನಿನಲ್ಲಿ ಮೂರು ಸಲ ಕೇಳಿದ್ದೆ. ಮೂರನೇ ಸಲಕ್ಕೆ ಮೀನು ಸ್ವಲ್ಪ ದೊಡ್ಡದಾಗಿತ್ತು. ಹನಿಮೂನಿಗೆ ಅಂತಲೇ ಆನ್‌ಲೈನಿನಲ್ಲಿ ರೀಲ್ ಇರೋ ಗಾಳದ ಕೋಲು ತರಿಸಿದರು. ಅದು ಮುರಿದು ಹೋಗಬಾರದು ಅಂತ ಹಾರ್ಡ್‌ವೇರ್ ಅಂಗಡಿಯಿಂದ ಪೈಪ್ ತಂದು, ಅದರೊಳಗೆ ಕೋಲು ತೂರಿಸಿ, ಎರಡೂ ಕಡೆ ಮುಚ್ಚಳ ಹಾಕಿದರು. ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಒಬ್ಬರು ಬಂದು "ಸಾರ್, ಬೋರ್‌ವೆಲ್ ಕೆಲಸಾನಾ?" ಅಂತ ಕೇಳಿದರು.

ಟಿಕೆಟ್ ತಡವಾಗಿ ಮಾಡಿದ್ದಕ್ಕೆ ಇಬ್ಬರಿಗೂ ಒಂದೇ ಬೋಗಿಯಲ್ಲಿ ಸೀಟು ಸಿಗಲಿಲ್ಲ. ಇವರಿಗೆ ಎಸ್3, ನನಗೆ ಎಸ್7. ಒಡಿಶಾದ ಬಾಲಸೋರ್‌ನಲ್ಲಿ ರೈಲು ದುರಂತ ಆಗಿ ನಾಲ್ಕೇ ದಿನ ಆಗಿತ್ತು, ಅಮ್ಮ ಟಿವಿ ಮುಂದಿನಿಂದ ಎದ್ದೇ ಇರಲಿಲ್ಲ, ರೈಲೇ ಬೇಡ ಅಂತ ಅತ್ತಿದ್ದಳು. ಅದಕ್ಕೆ ಇವರು "ಅತ್ತೆ, ನಾನು ಜೊತೇಲಿ ಇರ್ತೀನಲ್ಲ" ಅಂತ ಧೈರ್ಯ ಹೇಳಿದ್ದರು. ಜೊತೆ ಅಂದರೆ ನಾಲ್ಕು ಬೋಗಿ ದೂರ. ರಾತ್ರಿ ಸಕಲೇಶಪುರದ ಹತ್ತಿರ ಬಂದು "ನೀವು ಮಲಗಿ, ಬೆಳಗ್ಗೆ ನಾನೇ ಬಂದು ಎಬ್ಬಿಸ್ತೀನಿ" ಅಂದು ಹೋದರು. ಸೂಟ್‌ಕೇಸ್ ಎರಡೂ ನನ್ನ ಸೀಟಿನ ಕೆಳಗೆ, ಚೈನ್ ಹಾಕಿ ಬೀಗ. ಪೈಪ್ ಮಾತ್ರ ಇವರ ಜೊತೆ. ಅದನ್ನು ಯಾರ ಕೈಗೂ ಕೊಡ್ತಾ ಇರಲಿಲ್ಲ.

ಆಮೇಲೆ ಆಗಿದ್ದು ಇಷ್ಟು. ಇವರಿಗೆ ಎಚ್ಚರ ಆದಾಗ ರೈಲು ಗೋಕರ್ಣ ರೋಡ್‌ನಲ್ಲಿ ನಿಂತೇ ಬಿಟ್ಟಿತ್ತು. ಅಲ್ಲಿ ನಿಲ್ಲೋದೇ ಒಂದೆರಡು ನಿಮಿಷ. ಒಳಗಿಂದ ನಡೆದರೆ ತಡ ಆಗುತ್ತೆ, ಪ್ಲಾಟ್‌ಫಾರಂ ಮೇಲೆ ಓಡಿದರೆ ಬೇಗ ಎಸ್7 ಸೇರಬಹುದು ಅಂತ ಲೆಕ್ಕ ಹಾಕಿ ಪೈಪ್ ಸಮೇತ ಇಳಿದರು. ಎಸ್5ರ ಹತ್ತಿರ ಬರುವಷ್ಟರಲ್ಲಿ ರೈಲು ಹೊರಟಿತು. ಚಲಿಸುವ ರೈಲು ಹತ್ತಲಿಲ್ಲ, ಪುಣ್ಯ. ಏಳಡಿ ಪೈಪ್ ಹಿಡಿದು ಹತ್ತೋಕೆ ಹೋಗಿದ್ರೆ ಈ ಬರಹದ ಧಾಟಿಯೇ ಬೇರೆ ಇರ್ತಿತ್ತು. ನನ್ನ ಫೋನು ಸೈಲೆಂಟಿನಲ್ಲಿತ್ತು. ನಾನು ಕಣ್ಣು ಬಿಟ್ಟಾಗ ಅಂಕೋಲಾವೂ ದಾಟಿತ್ತು, ಎದುರು ಸೀಟಿನ ಅಜ್ಜಿ ತಲೆ ಬಾಚ್ಕೊಳ್ತಾ ಇದ್ದರು, ಫೋನಿನಲ್ಲಿ ಹದಿನೇಳು ಮಿಸ್ಡ್ ಕಾಲ್.

"ನೀವು ಎಲ್ಲಿದೀರಾ?" ಅಂದೆ.

"ನಾನು ಕರೆಕ್ಟಾಗಿ ಗೋಕರ್ಣದಲ್ಲೇ ಇಳಿದಿದೀನಿ" ಅಂದರು. ಆ 'ಕರೆಕ್ಟಾಗಿ' ಅನ್ನೋ ಪದವನ್ನು ನಾನು ಸಾಯೋವರೆಗೂ ಮರೆಯಲ್ಲ.

ಕಾರವಾರದ ಸ್ಟೇಷನ್ನು ಊರಿಂದ ದೂರ. ಆಟೋದವರು ನನ್ನನ್ನೂ ಸೂಟ್‌ಕೇಸನ್ನೂ ನೋಡಿ ಏನೂ ಕೇಳದೆ "ಬೀಚ್ ಹತ್ರ ಬಿಡ್ತೆ, ಅಲ್ಲಿ ನೆರಳು ಉಂಟು, ಕೂತ್ಕಳಿ" ಅಂದರು. ರವೀಂದ್ರನಾಥ ಟ್ಯಾಗೋರ್ ಬೀಚ್. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಕವಿ ಇಪ್ಪತ್ತರ ಹರೆಯದಲ್ಲಿ ಬಂದು ಉಳಿದಿದ್ದರು, ಅದಕ್ಕೇ ಈ ಹೆಸರು. ಪಕ್ಕದಲ್ಲೇ ನೌಕಾಪಡೆಯಿಂದ ನಿವೃತ್ತಿಯಾದ ಚಾಪಲ್ ಯುದ್ಧನೌಕೆಯನ್ನು ದಡದ ಮೇಲೆ ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಆ ಹಡಗಿನ ಎದುರು ಸೂಟ್‌ಕೇಸ್ ಮೇಲೆ ಕೂತು ಮೂರು ಗಂಟೆ ಕಳೆದೆ. ಸಮುದ್ರ ಒಂಥರಾ ಇತ್ತು, ಮಳೆ ಇಲ್ಲ, ಆದರೆ ಅಲೆ ಸಿಟ್ಟು ಮಾಡ್ಕೊಂಡ ಹಾಗೆ ಬರ್ತಾ ಇತ್ತು. ಬಿಪರ್‌ಜಾಯ್ ಅನ್ನೋ ಚಂಡಮಾರುತ ಹಿಂದಿನ ದಿನವಷ್ಟೇ ಅರಬ್ಬೀ ಸಮುದ್ರದಲ್ಲಿ ಎದ್ದಿದೆ ಅಂತ ಗೊತ್ತಾಗಿದ್ದು ಆಮೇಲೆ.

ಹನ್ನೊಂದೂವರೆಗೆ ಬಸ್ಸಿಳಿದು ಬಂದರು. ಪೈಪ್ ಹೆಗಲ ಮೇಲಿತ್ತು.

"ಸಾರಿ ಕಣ್ರೀ."

"ಪರವಾಗಿಲ್ಲ ಬಿಡಿ. ತಿಂಡಿ ತಿಂದ್ರಾ?"

"ನಿಮ್ದಾಯ್ತಾ?"

ಇಷ್ಟೇ. ಒಂದು ಜಗಳ ಇಲ್ಲ, ಒಂದು ಬೈಗುಳ ಇಲ್ಲ. ನಮ್ಮಕ್ಕನ ಗಂಡ ಹೀಗೆ ಮಾಡಿದ್ದರೆ ಅಕ್ಕ ಇಡೀ ಕಾರವಾರ ಕೇಳೋ ಹಾಗೆ ಬೈತಿದ್ದಳು. ನನಗೂ ಬಾಯಿ ತುದೀಲಿ ಬಂದಿತ್ತು, ಆದರೆ 'ನೀವು' ಅಂತ ಕರೆಯೋ ಮನುಷ್ಯನಿಗೆ ಹೇಗೆ ಬೈಯೋದು? "ನೀವು ದಡ್ಡರು ಕಣ್ರೀ" ಅಂದರೆ ಅದು ಬೈದ ಹಾಗೇ ಆಗಲ್ಲ. ಜಗಳ ಆಡೋಕೂ ಒಂದಷ್ಟು ಪರಿಚಯ ಬೇಕು.

ಊಟಕ್ಕೆ ಹೋದೆವು. ಇವರು ದೊಡ್ಡದಾಗಿ "ಇವತ್ತಿನ ಫ್ರೆಶ್ ಮೀನು ಏನಿದೆ?" ಅಂದರು. ಬಡಿಸುವವರು ಕನಿಕರದಿಂದ ನೋಡಿದರು. "ಬಂದ್ ಅಲ್ವಾ ಸಾರ್, ಬೋಟೆಲ್ಲ ದಡದಲ್ಲಿದೆ" ಅಂದರು.

ಕರಾವಳಿಯವರಿಗೆ ಇದು ಮಗ್ಗಿ ಇದ್ದ ಹಾಗೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗೋ ಹಾಗಿಲ್ಲ. ಅದು ಮೀನು ಮೊಟ್ಟೆ ಇಡೋ ಕಾಲ, ಜೊತೆಗೆ ಮಳೆಗಾಲದ ಸಮುದ್ರ ಬೇರೆ. ನಾಡದೋಣಿಯವರಷ್ಟೇ ದಡದ ಹತ್ತಿರ, ಹೊಳೆಯಲ್ಲಿ ಹಿಡೀತಾರೆ. ಇವರ ಪ್ಲಾನ್ ಏನಿತ್ತು ಅಂದರೆ, ತದಡಿ ಬಂದರಿಗೆ ಹೋಗಿ ಯಾವುದಾದರೂ ಬೋಟಿನವರನ್ನು ಮಾತಾಡಿಸಿ ಆಳಸಮುದ್ರಕ್ಕೆ ಹೋಗೋದು. ಮಂಡ್ಯದವರಿಗೆ ನಾಲೆಗೆ ನೀರು ಯಾವಾಗ ಬಿಡ್ತಾರೆ, ಯಾವಾಗ ನಿಲ್ಲಿಸ್ತಾರೆ ಅಂತ ಬಾಯಿಪಾಠ ಇರುತ್ತೆ. ಸಮುದ್ರಕ್ಕೂ ಹೀಗೆ ಬಾಗಿಲು ಹಾಕ್ತಾರೆ ಅಂತ ಅವರಿಗೆ ಎಲ್ಲಿಂದ ಗೊತ್ತಿರಬೇಕು. ಇವರು ಮಾತಾಡದೆ ಮೊಟ್ಟೆ ಸಾರು ತಿಂದರು. ಪೈಪ್ ಗೋಡೆಗೆ ಒರಗಿತ್ತು.

ಮನಸ್ಸು ಸರಿ ಮಾಡ್ಕೊಳ್ಳೋಕೆ ಅಂತ ಆಟೋದಲ್ಲಿ ಕಾಳಿ ನದಿ ಸೇತುವೆಗೆ ಹೋಗಿ ಒಂದು ಫೋಟೋ ತೆಗೆಸಿಕೊಂಡೆವು. ನಾವು ನಿಂತಿದ್ದು ಹಳೇ ಸೇತುವೆ ಮೇಲೆ. 2024ರ ಆಗಸ್ಟ್‌ನಲ್ಲಿ ಒಂದು ಮಧ್ಯರಾತ್ರಿ ಅದು ಕುಸಿದು ಬಿತ್ತು, ಒಂದು ಲಾರಿ ನೀರಿಗೆ ಹೋಯಿತು, ಡ್ರೈವರ್ ಬದುಕಿದರು. ಟಿವಿಯಲ್ಲಿ ಅದನ್ನು ನೋಡಿ ಇಬ್ಬರೂ ಫೋನು ತೆಗೆದು ಆ ಫೋಟೋ ಹುಡುಕಿದೆವು. ಫೋಟೋದಲ್ಲಿ ನಮ್ಮಿಬ್ಬರ ನಡುವೆ ಒಂದು ಅಡಿ ಜಾಗ ಇದೆ.

ಸಂಜೆ ಗೋಕರ್ಣ ತಲುಪಿ, ಬುಕ್ ಮಾಡಿದ್ದ ಹೋಮ್‌ಸ್ಟೇಗೆ ಹೋದರೆ ಅಲ್ಲಿ ಪೇಂಟ್ ವಾಸನೆ. ಮಂಚಗಳೆಲ್ಲ ಅಂಗಳದಲ್ಲಿ. ಮನೆಯ ಯಜಮಾನರು ಏಣಿ ಮೇಲಿಂದ ಇಳಿದು ಬಂದು ಫೋನು ನೋಡಿ, ಮತ್ತೆ ನಮ್ಮನ್ನು ನೋಡಿ, "ಸಾರ್, ನಿಮ್ಮ ಬುಕಿಂಗ್ ಏಳನೇ ತಾರೀಕೇ. ಜುಲೈ ಏಳು" ಅಂದರು.

ಇವರು ಬುಕ್ ಮಾಡುವಾಗ ತಿಂಗಳು ಒಂದು ಸಲ ಜಾಸ್ತಿ ಸರಿಸಿಬಿಟ್ಟಿದ್ದರು. ಜುಲೈ 7 ಅಂದರೆ ನಡು ಆಷಾಢ! ಅತ್ತೆ ಮಾವ ಇಬ್ಬರೂ ಸೇರಿ ಪಂಚಾಂಗ ನೋಡಿ ದಿನ ಲೆಕ್ಕ ಹಾಕಿ ಕಳಿಸಿದರೆ, ಮಗ ಆಷಾಢದಲ್ಲೇ ಹನಿಮೂನಿಗೆ ರೂಮ್ ಮಾಡಿದ್ದ. ನನಗೆ ಅಳಬೇಕೋ ನಗಬೇಕೋ ಗೊತ್ತಾಗದೆ ಸೂಟ್‌ಕೇಸ್ ಮೇಲೆ ಕೂತೆ. ಆ ಸೂಟ್‌ಕೇಸ್ ಆ ದಿನ ಕುರ್ಚಿಯಾಗಿ ದುಡಿದಷ್ಟು ಬೇರೆ ಯಾವುದಕ್ಕೂ ದುಡಿದಿಲ್ಲ.

ಪಾಪ, ಆ ಯಜಮಾನರು ಒಳ್ಳೆಯವರು. ಮಳೆಗಾಲಕ್ಕೆ ಅರ್ಧ ಊರು ಮುಚ್ಚಿರುತ್ತೆ, ಈಗೆಲ್ಲಿ ಹುಡುಕ್ತೀರಿ ಅಂತ ಹೊಳೆಯಾಚೆಗಿನ ಅವರ ನೆಂಟರ ಮನೆಗೆ ಫೋನು ಮಾಡಿದರು. ಹೊಳೆ ಅಂದರೆ ಅಘನಾಶಿನಿ. ಊರಿನ ಹೆಸರೂ ಅಘನಾಶಿನಿ. ತದಡಿಯವರೆಗೆ ಆಟೋ, ಅಲ್ಲಿಂದ ಬಾರ್ಜ್. ಬಾರ್ಜಿನಲ್ಲಿ ನಾಲ್ಕು ಬೈಕು, ಒಂದು ಸ್ಕೂಟಿ, ಸಂತೆಗೆ ಹೋಗಿ ಬಂದ ಖಾಲಿ ಬುಟ್ಟಿಯ ಹೆಂಗಸರು, ನಾವಿಬ್ಬರು, ಎರಡು ಸೂಟ್‌ಕೇಸ್, ಪೈಪ್. ತದಡಿ ದಕ್ಕೆಯಲ್ಲಿ ಸಾಲಾಗಿ ನಿಂತಿದ್ದ ಬೋಟುಗಳನ್ನು ಇವರು ಬಾರ್ಜಿನಿಂದಲೇ ನೋಡ್ತಾ ಇದ್ದರು, ಮಕ್ಕಳು ಮುಚ್ಚಿದ ಐಸ್‌ಕ್ರೀಮ್ ಅಂಗಡಿ ನೋಡೋ ಹಾಗೆ.

ಮನೆ ಹಳೇದು. ಹಂಚಿನ ಮಾಡು, ಸೆಗಣಿ ಸಾರಿಸಿದ ಅಂಗಳ. ನಮಗೆ ಕೊಟ್ಟ ಕೋಣೆಯಲ್ಲಿ ಒಂದು ಮಂಚ, ಒಂದು ಮೂಲೆಯಲ್ಲಿ ತೆಂಗಿನಕಾಯಿ ರಾಶಿ, ಇನ್ನೊಂದು ಮೂಲೆಯಲ್ಲಿ ಅಕ್ಕಿ ಮೂಟೆ. ರಾತ್ರಿ ಗಾಳಿಗೆ ಕರೆಂಟ್ ಹೋಯಿತು. ಒಂದೊಂದು ಗಾಳಿಗೂ ರಾಶಿಯಿಂದ ಒಂದು ಕಾಯಿ ಉರುಳಿ ಮಂಚದ ಕಾಲಿಗೆ ಬಂದು ಬಡಿಯೋದು. ಇವರು ಪ್ರತಿ ಸಲವೂ ಎದ್ದು ಟಾರ್ಚ್ ಹಾಕಿ ಅದನ್ನು ಮತ್ತೆ ರಾಶಿ ಮೇಲೆ ಇಟ್ಟು ಬರೋರು. ಹನಿಮೂನ್ ಬಗ್ಗೆ ಇಷ್ಟು ಸಾಕು.

ಊಟ ಮಾತ್ರ ಮರೆಯೋ ಹಾಗಿಲ್ಲ. ಮನೆಯ ಅಕ್ಕ ಮಾಡಿದ್ದು ಬಳಚಿನ ಸುಕ್ಕ, ಜೊತೆಗೆ ಕಗ್ಗದ ಅಕ್ಕಿ ಗಂಜಿ. ಬಳಚು ಅಂದರೆ ಹೊಳೆಯ ಕೆಸರಿನಲ್ಲಿ ಸಿಗೋ ಚಿಪ್ಪು. ನೀರು ಇಳಿದಾಗ ಹೆಂಗಸರು ಗಂಡಸರು ಎಲ್ಲ ಸೊಂಟದವರೆಗೆ ಇಳಿದು ಆರಿಸ್ತಾರೆ. ಕಗ್ಗ ಅನ್ನೋದು ಉಪ್ಪುನೀರು ತಡ್ಕೊಂಡು ಬೆಳೆಯೋ ಭತ್ತ. ಹೊಳೆ ಪಕ್ಕದ ಗಜನಿ ಗದ್ದೆಗಳಲ್ಲಿ ಬೆಳೀತಾರೆ, ಗೊಬ್ಬರ ಗಿಬ್ಬರ ಏನೂ ಹಾಕಲ್ಲ. ಅಕ್ಕಿ ಕೆಂಪಗೆ, ದಪ್ಪ. ನಮ್ಮ ಕಡೆ ಮೀನಂದರೆ ವಾಣಿವಿಲಾಸ ಸಾಗರದ ಕೆರೆ ಮೀನು, ಹುಳಿ ಜಾಸ್ತಿ ಹಾಕಿ ಮುದ್ದೆಗೆ ಮಾಡೋ ಸಾರು. ಚಿಪ್ಪಿನೊಳಗಿನ ಮಾಂಸ ತಿಂತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೊದಲನೇದು ಕಣ್ಣು ಮುಚ್ಚಿ ತಿಂದೆ, ಆಮೇಲೆ ತಿಂದಿದ್ದನ್ನು ಎಣಿಸಲಿಲ್ಲ.

ಮಾರನೇ ದಿನ ಪೂರ್ತಿ ಗಾಳಿ. ಸಮುದ್ರದ ಕಡೆ ಹೋಗಬೇಡಿ ಅಂತ ಎಲ್ಲರೂ ಹೇಳಿದರು. ಇವರು ಜಗುಲಿಯಲ್ಲಿ ಕೂತು ರೀಲ್‌ಗೆ ಎಣ್ಣೆ ಬಿಟ್ಟರು. ಮನೆಯ ಅಣ್ಣ, ಅಂದರೆ ಅಕ್ಕನ ಗಂಡ, ವಯಸ್ಸು ಅರವತ್ತರ ಮೇಲೆ, ಬೀಡಿ ಸೇದುತ್ತಾ ಅದನ್ನೇ ನೋಡ್ತಾ ಇದ್ದರು. ಕೊನೆಗೆ ಕೇಳಿಯೇಬಿಟ್ಟರು, "ಎಂತದು ತಮಾ ಇದು?"

ಇವರು ಎದ್ದು ನಿಂತು ಪೂರ್ತಿ ವಿವರಿಸಿದರು. ಗೇರ್ ಎಷ್ಟು, ದಾರ ಎಷ್ಟು ಕೆಜಿ ತಡೆಯುತ್ತೆ, ಎಷ್ಟು ದೂರ ಎಸೆಯಬಹುದು. ಅಣ್ಣ ಎಲ್ಲ ಕೇಳಿ "ಅಡ್ಡಿಲ್ಲ" ಅಂದರು. ಉತ್ತರ ಕನ್ನಡದ ಈ 'ಅಡ್ಡಿಲ್ಲ' ಇದೆಯಲ್ಲ, ಅದಕ್ಕೆ ಹತ್ತು ಅರ್ಥ. ಚೆನ್ನಾಗಿದೆ, ಸುಮಾರಾಗಿದೆ, ಹೋಗಲಿ ಬಿಡು, ನೀನು ಮಳ್ಳ ಆದರೂ ಪರವಾಗಿಲ್ಲ, ಎಲ್ಲದಕ್ಕೂ ಅದೇ. ಇದು ಕೊನೆಯದು ಅಂತ ನನಗನ್ನಿಸಿತು.

"ನಾಳೆ ಗಾಳಿ ಕಮ್ಮಿ ಇದ್ರೆ ಹೊಳೇಲಿ ಹೋಗ್ವಾ" ಅಂದರು. ಇವರ ಮುಖ ನೋಡಬೇಕಿತ್ತು. ತಾಳಿ ಕಟ್ಟುವಾಗಲೂ ಅಷ್ಟು ಬೆಳಕು ಇರಲಿಲ್ಲ.

ಒಂಬತ್ತನೇ ತಾರೀಕು ಬೆಳಗ್ಗೆ ಹೊರಟೆವು. ಸಣ್ಣ ದೋಣಿ, ಹುಟ್ಟು ಹಾಕೋದು, ಇಂಜಿನ್ ಇಲ್ಲ. ನನಗೆ ಈಜು ಬರಲ್ಲ. ಹಿರಿಯೂರಿನವಳಿಗೆ ಈಜು ಎಲ್ಲಿ ಬರಬೇಕು. ನಮ್ಮ ವಾಣಿವಿಲಾಸ ಸಾಗರ ಅಣೆಕಟ್ಟು ಅಲ್ಲಿಯವರೆಗೆ ಕೋಡಿ ಬಿದ್ದಿದ್ದೇ 1933ರಲ್ಲಿ ಒಂದು ಸಲ, ಆಮೇಲೆ 2022ರಲ್ಲಿ. ನಾನು ದೋಣಿಯ ನಡುವಿನ ಹಲಗೆ ಮೇಲೆ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತೆ, ಬಿಡಲೇ ಇಲ್ಲ. ಎರಡೂ ದಡದಲ್ಲಿ ಕಾಂಡ್ಲಾ ಗಿಡ, ಬೇರುಗಳೆಲ್ಲ ಕೆಸರಿನಿಂದ ಮೇಲೆ ಎದ್ದು ನಿಂತಿವೆ, ಅದರ ನಡುವೆ ಬೆಳ್ಳಕ್ಕಿ. ನೀರು ಕೆಂಪಗೂ ಇಲ್ಲ ಹಸಿರೂ ಇಲ್ಲ. ಘಟ್ಟದ ಮೇಲಿಂದ ಇಳಿದು ಬರೋ ಈ ಹೊಳೆಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲವಂತೆ, ಅದಕ್ಕೇ ಇಷ್ಟು ಮೀನು ಅಂತ ಅಣ್ಣ ಹೇಳಿದರು. ನಾವು ಬಂದು ಹೋದ ಮುಂದಿನ ವರ್ಷವೇ, 2024ರಲ್ಲಿ, ಈ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅವತ್ತು ಅದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದಿದ್ದು ಕೆಳಗೆ ನೀರಿದೆ ಅನ್ನೋದೊಂದೇ.

ಅಣ್ಣನ ಸಾಮಾನು ಅಂದರೆ ಒಂದು ಮರದ ತುಂಡಿಗೆ ಸುತ್ತಿದ ತಂಗೂಸಿ ದಾರ, ತುದಿಗೆ ಸೀಸದ ಗುಂಡು, ಒಂದು ಗಾಳ. ಕೊಕ್ಕೆಗೆ ಶೆಟ್ಲಿ ತುಂಡು. ಶೆಟ್ಲಿ ಅಂದರೆ ನಾವು ಸೀಗಡಿ ಅಂತೀವಲ್ಲ ಅದು. ಅಂಥದೇ ಇನ್ನೊಂದು ತೆಗೆದು ನನ್ನ ಕೈಗೆ ಕೊಟ್ಟರು. "ದಾರ ಬೆರಳ ಮೇಲೆ ಇರ್ಲಿ ತಂಗಿ. ಕುಟ್ಟಿದ್ರೆ ಗೊತ್ತಾಗ್ತದೆ" ಅಂದರು. ಅಂದರೆ ಅಂಚು ಹಿಡಿದಿದ್ದ ಒಂದು ಕೈ ಬಿಡಬೇಕಾಯಿತು.

ಇವರು ದೋಣಿಯ ಮುಂದಿನ ತುದಿಯಲ್ಲಿ ಕೋಲು ಜೋಡಿಸಿ ಮೊದಲನೇ ಸಲ ಎಸೆದರು. ಗಾಳ ನೀರಿಗೆ ಹೋಗಲಿಲ್ಲ. ಹಿಂದೆ ಬಂದು ನನ್ನ ದುಪಟ್ಟಕ್ಕೆ ಸಿಕ್ಕಿಕೊಂಡಿತು. ಬಿಡಿಸಿ ಎರಡನೇ ಸಲ ಎಸೆದರು. ಕಾಂಡ್ಲಾ ಗಿಡಕ್ಕೆ ಹೋಯಿತು. ಮೂರನೇ ಸಲ ನೀರಿಗೆ ಬಿತ್ತು, ಆದರೆ ರೀಲಿನೊಳಗೆ ದಾರ ಗೂಡು ಕಟ್ಟಿತು. ಅದನ್ನು ಬಿಡಿಸ್ತಾ ಅರ್ಧ ಗಂಟೆ ತಲೆ ಬಗ್ಗಿಸಿ ಕೂತರು, ಉಣ್ಣೆ ಸುತ್ತೋ ಅಜ್ಜಿ ಥರ. ಅಷ್ಟರಲ್ಲಿ ಅಣ್ಣ ಎರಡು ನೋಗಲಿ ಎತ್ತಿ ಹಾಕಿದ್ದರು. ಬೆಂಗಳೂರಿನ ಹೋಟೆಲ್‌ಗಳಲ್ಲಿ ಕಾಣೆ ಅಂತ ಕೊಡ್ತಾರಲ್ಲ, ಅದೇ. ಉದ್ದಕ್ಕೆ, ತೆಳ್ಳಗೆ, ಮರಳಿನ ಬಣ್ಣ.

ನನ್ನ ಬೆರಳ ಮೇಲೆ ಏನೋ ಕುಟ್ಟಿತು. ಟಕ್ ಟಕ್. ಬಾಗಿಲ ಆಚೆ ಯಾರೋ ಚಿಕ್ಕ ಮಗು ಬಂದ ಹಾಗೆ. ನಾನು "ಅಣ್ಣಾ" ಅಂತ ಕೂಗಿದ್ದೇ ತಡ, ಇವರ ಕೋಲೂ ಬಾಗಿತು. ಕೊನೆಗೂ ಮೀನು! ಇವರಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಧಡಕ್ಕಂತ ಎದ್ದು ನಿಂತರು, ದೋಣಿ ಒಂದು ಕಡೆ ವಾಲಿತು, ನೀರು ಒಳಗೆ ನುಗ್ಗಿ ನನ್ನ ಕಾಲು ಮುಟ್ಟಿತು, ನನ್ನ ಬಾಯಿಂದ ಹಿರಿಯೂರು ಸಂತೆಯಲ್ಲಿ ಕೂಗೋ ದನಿ ಹೊರಟಿತು.

"ಏಯ್! ಕೂತ್ಕೊಳೋ! ಮುಳುಗಿಸ್ತೀಯಾ ನನ್ನ, ಕತ್ತೆ!"

ಹೊಳೆಯಲ್ಲಿ ಸದ್ದೇ ಇರಲಿಲ್ಲ. ಕಾಂಡ್ಲಾ ಗಿಡದಿಂದ ಬೆಳ್ಳಕ್ಕಿಗಳು ಎದ್ದು ಹಾರಿದವು. ಇವನು ತಟ್ಟನೆ ಕೂತ. ಹೌದು, ಇನ್ನು ಮೇಲೆ 'ಇವರು' ಅಂತ ಬರೆಯೋಕೆ ನನ್ನಿಂದ ಆಗಲ್ಲ, ಅವತ್ತಿಂದ ಕರೆದೂ ಇಲ್ಲ. ಅಣ್ಣ ಹುಟ್ಟು ಸರಿ ಮಾಡ್ಕೊಳ್ತಾ "ತಂಗಿ ಹೇಳಿದ್ದು ಸಮಾ ಆಯ್ತು. ಕೂತೇ ಎಳಿ ತಮಾ" ಅಂದರು.

ನನ್ನ ಗಾಳದಲ್ಲಿ ಒಂದು ನೋಗಲಿ ಬಂತು, ಗೇಣುದ್ದದ್ದು. ಇವನ ಗಾಳದಲ್ಲಿ ಬಂದಿದ್ದು ಹೊಟ್ಟೆ ಉಬ್ಬಿಸೋ ಮೀನು. ದೋಣಿಗೆ ಹಾಕಿದ ತಕ್ಷಣ ಚೆಂಡಿನ ಹಾಗೆ ಊದಿಕೊಂಡು, ಹಲ್ಲು ಕಡೀತಾ, ಇವನನ್ನೇ ಗುರಾಯಿಸ್ತಾ ಬಿದ್ದಿತ್ತು. ಅದು ವಿಷ, ತಿನ್ನೋ ಹಾಗಿಲ್ಲ, ಬಾಯಿಗೆ ಬೆರಳು ಕೊಟ್ಟರೆ ಬೆರಳು ಇರಲ್ಲ ಅಂತ ಅಣ್ಣ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟರು. ಫೋಟೋ ತೆಗೆಯೋಕೂ ಕೊಡಲಿಲ್ಲ ಅಂತ ಇವನಿಗೆ ಇವತ್ತಿಗೂ ಕೊರಗು.

ಇನ್ನೊಂದು, ಇನ್ನೊಂದೇ ಒಂದು ಅಂತ ಇವನು ಅಣ್ಣನನ್ನು ಒಳಗೆ ಒಂದು ಕವಲಿಗೆ ಕರೆಸಿಕೊಂಡು ಹೋದ. ನೀರು ಇಳೀತಾ ಇದೆ ಅಂತ ಅಣ್ಣ ಎರಡು ಸಲ ಹೇಳಿದರು. ಮೂರನೇ ಸಲ ಹೇಳಲಿಲ್ಲ. ದೋಣಿಯ ತಳ ಕರ್ ಅಂತ ಮರಳಿಗೆ ಕೂತಿತು. ಸುತ್ತ ನೋಡಿದರೆ ಸ್ವಲ್ಪ ಹೊತ್ತಿನ ಹಿಂದೆ ನೀರಿದ್ದ ಕಡೆಯೆಲ್ಲ ಕೆಸರು. ಇವನು "ನಾನು ಇಳಿದು ತಳ್ತೀನಿ" ಅಂತ ಇಳಿದ. ಮೊಣಕಾಲವರೆಗೆ ಹೋದ. ಒಂದು ಕಾಲು ಎತ್ತಿದ, ಚಪ್ಪಲಿ ಬರಲಿಲ್ಲ. ಇನ್ನೊಂದು ಎತ್ತಿದ, ಅಂಗಾಲಿಗೆ ಚಿಪ್ಪು ಕೊಯ್ದು ರಕ್ತ. ಮದುವೆಗೆ ತಗೊಂಡಿದ್ದ ಚಪ್ಪಲಿ ಅದು. ಒಂದು ಕಾಲಿನದು ಈಗಲೂ ರಾಮ್ಸರ್ ಪಟ್ಟಿಯಲ್ಲಿದೆ.

"ಈಗೇನು ಮಾಡೋದಣ್ಣಾ?" ಅಂದೆ.

"ಎಂತ ಮಾಡುದು? ಭರತ ಬರ್ಲಿ, ಹೋಗ್ವಾ" ಅಂದು ಬೀಡಿ ಹಚ್ಚಿದರು. ಭರತ ಅಂದರೆ ಉಬ್ಬರ. ಅದು ಬರೋಕೆ ಇನ್ನೂ ಮೂರು ಗಂಟೆ ಇತ್ತು.

ಮೂರು ಗಂಟೆ. ನಡುವೆ ಒಂದು ಮಳೆ ಬಂದು ಹೋಯಿತು. ತಲೆ ಮೇಲೆ ಹಿಡಿಯೋಕೆ ಇದ್ದಿದ್ದು ಮೀನಿಗೆ ತಂದ ಪ್ಲಾಸ್ಟಿಕ್ ಬುಟ್ಟಿ ಒಂದೇ, ಅದನ್ನು ಅಣ್ಣ ನನಗೆ ಕೊಟ್ಟರು. ದುಪಟ್ಟ ಹರಿದು ಇವನ ಕಾಲಿಗೆ ಕಟ್ಟಿದೆ, ಹೇಗೂ ಅದಕ್ಕೆ ಗಾಳ ಸಿಕ್ಕಿ ತೂತಾಗಿತ್ತು. ಆಮೇಲೆ ಬೈಯೋಕೆ ಶುರು ಮಾಡಿದೆ. ಗೋಕರ್ಣ ಸ್ಟೇಷನ್ನಿನಿಂದ ಶುರು ಮಾಡಿ ಜುಲೈ 7, 61 ದಿನ, ತೆಂಗಿನಕಾಯಿ, ಪೈಪ್, ಒಂದನ್ನೂ ಬಿಡಲಿಲ್ಲ. ಇವನೂ ಸುಮ್ನೆ ಕೂರಲಿಲ್ಲ. ಫೋನ್ ಸೈಲೆಂಟಲ್ಲಿ ಇಟ್ಕೊಂಡು ಕುಂಭಕರ್ಣನ ಹಾಗೆ ಮಲಗಿದ್ದು ಯಾರು ಅಂದ. ನಿಮ್ಮಮ್ಮನಿಗೆ ಸುಳ್ಳು ಹೇಳಿದ್ದು ಯಾರು ಅಂದ. ನಾಲೆಯಲ್ಲಿ ಹಿಡಿದ ಮೀನು ನಿಜವಾಗಿ ಎಷ್ಟುದ್ದ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಬೆರಳು ತೋರಿಸಿದ. ಅಣ್ಣ ನಕ್ಕು ನಕ್ಕು ಕೆಮ್ಮಿದರು, ಬೀಡಿ ನೀರಿಗೆ ಬಿತ್ತು.

ನೀರು ಬಂದಿದ್ದು ಗೊತ್ತೇ ಆಗಲಿಲ್ಲ. ದೋಣಿ ತಾನಾಗೇ ಎದ್ದು ಅಲ್ಲಾಡಿತು.

ಮನೆಗೆ ಬಂದಾಗ ಲೆಕ್ಕ: ಅಣ್ಣನದು ಐದು ನೋಗಲಿ, ನನ್ನದು ಒಂದು, ಇವನ ಗಾಳದ ದಾರ ಹಿಡ್ಕೊಂಡು ಬಂದ ಏಡಿ ಒಂದು. ಏಡಿ ಗಾಳ ನುಂಗಿರಲಿಲ್ಲ, ಸುಮ್ನೆ ಸಿಟ್ಟಿಗೆ ಹಿಡ್ಕೊಂಡಿತ್ತು. ಅಕ್ಕ ನೋಗಲಿಗೆ ಕಾಯಿ ಅರೆದು, ಜುಮ್ಮನಕಾಯಿ ಜಜ್ಜಿ ಹಾಕಿ ಸಾರು ಮಾಡಿದರು. ಜುಮ್ಮನಕಾಯಿ ನಾಲಿಗೆಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಜುಮ್ಮನ್ನುತ್ತೆ, ಹೆಸರೇ ಹೇಳುತ್ತಲ್ಲ. ನಾನು ಹಿಡಿದ ಮೀನು ಯಾವುದು ಅಂತ ಗುರುತು ಹಿಡಿದು ಅದನ್ನು ನಾನೇ ತಿಂದೆ. ಇವನಿಗೆ ಬಾಲ ಕೊಟ್ಟೆ.

ಹನ್ನೊಂದನೇ ತಾರೀಕು, ಭಾನುವಾರ, ಹೊರಟೆವು. ಅಕ್ಕ ಸಾಣಿಕಟ್ಟೆಯ ಉಪ್ಪು ಒಂದು ಚೀಲ, ಒಣಮೀನು ಒಂದು ಕಟ್ಟು ಕೊಟ್ಟರು. ದುಡ್ಡು ಕೊಟ್ಟರೆ ಎರಡು ದಿನದ ಊಟದ್ದು ತಗೊಳ್ಳಲೇ ಇಲ್ಲ. ಇವನ ಕಾಲು ಊದಿತ್ತು, ಅಣ್ಣನ ಹಳೇ ಹವಾಯಿ ಚಪ್ಪಲಿ ಹಾಕ್ಕೊಂಡಿದ್ದ. ರೈಲು ಬೇಡವೇ ಬೇಡ ಅಂತ ಇಬ್ಬರೂ ಒಪ್ಪಿದ್ದೆವು, ಕುಮಟಾದಿಂದ ಸರ್ಕಾರಿ ಬಸ್ಸು ಹತ್ತಿದೆವು. ಹತ್ತಿದ್ದು ಮಧ್ಯಾಹ್ನದ ಮೇಲೆ. ಕಂಡಕ್ಟರ್ ಬಂದರು, ಇವನು ಎರಡು ಶಿರಸಿ ಅಂದ.

"ಮೇಡಮ್ಮಿಗೆ ದುಡ್ಡಿಲ್ಲ ಸಾರ್. ಆಧಾರ್ ತೋರಿಸ್ಲಿ ಸಾಕು."

ಶಕ್ತಿ ಯೋಜನೆ ಶುರುವಾಗಿದ್ದು ಅವತ್ತೇ, ಅದೂ ಮಧ್ಯಾಹ್ನ ಒಂದು ಗಂಟೆಯಿಂದ! ಕಂಡಕ್ಟರಿಗೂ ಹೊಸದು, ನಮಗೂ ಹೊಸದು. ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು, ಅದನ್ನು ಇನ್ನೂ ಇಟ್ಟಿದೀನಿ. ಇವನು ಇವನ ಟಿಕೆಟಿಗೆ ದುಡ್ಡು ಕೊಟ್ಟು, ಸಪ್ಪೆ ಮುಖ ಮಾಡಿ ಕಿಟಕಿ ಕಡೆ ನೋಡಿದ. ಆ ಐದು ದಿನದಲ್ಲಿ ಪ್ಲಾನ್ ಇಲ್ಲದೆ ನಮಗೆ ಸಿಕ್ಕ ಲಾಭ ಅದೊಂದೇ.

ದೇವಿಮನೆ ಘಟ್ಟ ಹತ್ತುವಾಗ ಒಣಮೀನಿನ ಕಟ್ಟು ಬಿಚ್ಚಿಕೊಂಡಿತು. ವಾಸನೆ ಮುಂದಿನ ಸೀಟಿಂದ ಶುರುವಾಗಿ ಕೊನೆಯವರೆಗೂ ಹೋಯಿತು. ಕರಾವಳಿಯಿಂದ ಬಂದವರು ಏನೂ ಆಗಿಲ್ಲ ಅನ್ನೋ ಹಾಗೆ ಇದ್ದರು, ಶಿರಸಿ ಕಡೆಯವರು ಒಬ್ಬೊಬ್ಬರೇ ಕಿಟಕಿ ತೆಗೆದರು, ಮಳೆ ಒಳಗೆ ಬಂತು, ಮತ್ತೆ ಮುಚ್ಚಿದರು. ನಾವಿಬ್ಬರೂ ಹಿಂದೆ ತಿರುಗಿ ಬೇರೆ ಯಾರದೋ ಅನ್ನೋ ಹಾಗೆ ಹುಡುಕಿದೆವು. ಇಂಥದ್ದರಲ್ಲಿ ನಮ್ಮಿಬ್ಬರದೂ ಬುದ್ಧಿ ಒಂದೇ ಅಂತ ಆಗ ಗೊತ್ತಾಯಿತು.

ಮನೆಯಲ್ಲಿ ಅತ್ತೆ ಒಣಮೀನು ನೋಡಿ ಖುಷಿಪಟ್ಟರು. ಮೂರನೇ ದಿನ ಅಡುಗೆಮನೆಯಿಂದ ನಾನು "ಏಯ್, ಎಲ್ಲಿದೀಯೋ?" ಅಂದಿದ್ದನ್ನು ಕೇಳಿ ಅಷ್ಟು ಖುಷಿಪಡಲಿಲ್ಲ.

ಆಮೇಲೆ ಆಷಾಢ ಬಂತು, ನಾನು ಹಿರಿಯೂರಿಗೆ ಹೋದೆ. ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟಬಾರದು ಅಂತ ಎರಡೂ ಮನೆಯಲ್ಲಿ ಕಟ್ಟುನಿಟ್ಟು. ಇವನು ಹೊಸ್ತಿಲು ದಾಟಲಿಲ್ಲ, ಊರಿಗೇ ಬರಲಿಲ್ಲ. ಒಂದು ಶುಕ್ರವಾರ ರಜೆ ಹಾಕಿ ಬೈಕಿನಲ್ಲಿ ನೇರ ವಾಣಿವಿಲಾಸ ಸಾಗರಕ್ಕೆ ಬಂದು ಫೋನು ಮಾಡಿದ. ದೇವಸ್ಥಾನಕ್ಕೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿ ಹೋದೆ. ಕಣಿವೆ ಮಾರಮ್ಮನ ಗುಡಿ ಅಲ್ಲೇ ಇರೋದರಿಂದ ಅದು ಪೂರ್ತಿ ಸುಳ್ಳಲ್ಲ.

ಹೋಗಿ ನೋಡಿದರೆ ಬೈಕಿಗೆ ಆ ಪೈಪ್ ಕಟ್ಟಿದ್ದ.

"ಇಲ್ಲಿ ಹಿಡಿಯೋ ಹಾಗಿಲ್ಲ ಕಣೋ, ಟೆಂಡರ್ ಆಗಿರುತ್ತೆ" ಅಂದೆ.

"ಗೊತ್ತು, ಕೇಳಿದೆ" ಅಂದ. "ಸುಮ್ನೆ ತಂದೆ."

ಕರಿದ ಮೀನು ಕಟ್ಟಿಸಿಕೊಂಡು ಕಟ್ಟೆ ಮೇಲೆ ಕೂತಿದ್ದೆವು. ಆಗ ಇವನ ಫೋನು ಹೊಡೆದುಕೊಂಡಿತು, ಗೊತ್ತಿಲ್ಲದ ನಂಬರು. ಕೈಗೆ ಎಣ್ಣೆ ಆಗಿದೆ ಅಂತ ಸ್ಪೀಕರ್‌ಗೆ ಹಾಕಿದ.

"ಸಾರ್, ಗೋಕರ್ಣದಿಂದ. ಇವತ್ತು ಜುಲೈ ಏಳು. ಪೇಂಟೆಲ್ಲ ಆಗಿದೆ, ರೂಮು ರೆಡಿ ಉಂಟು. ಎಷ್ಟೊತ್ತಿಗೆ ಬರ್ತೀರಿ?"